ಸೆನೆಟರ್ ಮೂಲಕ ನಮ್ಮೂರಿನ ಪೈಪಿಗೆ ದುಡ್ಡು ತಂದದ್ದು: ನನ್ನ ಅನುಭವ

ಲಾಬಿ ಮಾಡುವವರನ್ನು ಇಟ್ಟುಕೊಳ್ಳದೆ ವಾಷಿಂಗ್ಟನ್‌ನಿಂದ ಒಂದು ಡಾಲರೂ ಬರಲ್ಲ ಅಂತ ನಮ್ಮ ಕೌನ್ಸಿಲ್‌ನವರೇ ಹೇಳಿದ್ದರು. ಬಂತು. ಇಲಿನಾಯ್‌ನ ಸಣ್ಣ ಊರೊಂದರ ನೀರು ಸರಬರಾಜು ವಿಭಾಗದಲ್ಲಿ ನಾನು ಎಂಜಿನಿಯರ್. ಮನೆಗಳಿಗೆ ಹೋಗುವ ಸೀಸದ ಪೈಪು ಕಿತ್ತು ತಾಮ್ರದ್ದು ಹಾಕಲು ಸುಮಾರು 10 ಲಕ್ಷ ಡಾಲರ್ ಸಿಕ್ಕಿದೆ. ಸೀಸದ ಪೈಪನ್ನು 1986ರಲ್ಲೇ ನಿಷೇಧಿಸಿದರೂ ಹಳೆಯ ಮನೆಗಳಲ್ಲಿ ಅದೇ ಇದೆ. ಮಕ್ಕಳು ಅದೇ ನೀರು ಕುಡಿಯುತ್ತಾರೆ.

ಸೆನೆಟರ್‌ಗಳು, ಹೌಸ್ ಸದಸ್ಯರು ತಮ್ಮ ಊರಿನ ನಿರ್ದಿಷ್ಟ ಕೆಲಸಕ್ಕೆ ಅಂತ ಕೇಂದ್ರ ಬಜೆಟ್‌ನಲ್ಲಿ ಹಣ ಬರೆಸುವುದಕ್ಕೆ ಇಯರ್‌ಮಾರ್ಕ್ ಅನ್ನುತ್ತಾರೆ. 2011ರಲ್ಲಿ ನಿಂತಿದ್ದ ಅದು 2021ರಲ್ಲಿ ವಾಪಸ್ ಬಂತು. ನಾವು ಮೊದಲು ಇಡೀ ಊರಿಗೆ 30 ಲಕ್ಷದಷ್ಟು ಕೇಳಿದ್ದೆವು. ಆಯ್ಕೆಯಾಗಲಿಲ್ಲ. ಇಂಥ ಯೋಜನೆಗಳಿಗೆಲ್ಲ ಸೇರಿ ಮಿತಿಯೇ ವಿವೇಚನಾ ವೆಚ್ಚದ, ಅಂದರೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ವರ್ಷವರ್ಷವೂ ಮಂಜೂರು ಮಾಡುವ ಖರ್ಚಿನ, 1%. ಹಾಗಾಗಿ ಮುಂದಿನ ಸಲ ಶಾಲೆ ಸುತ್ತಲಿನ ಬೀದಿಗಳನ್ನಷ್ಟೇ ಹಿಡಿದೆ. ನಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ ಹೌಸ್ (ಕೆಳಮನೆ) ಸದಸ್ಯರಿಗೂ ಒಂದೇ ಅರ್ಜಿ, ಒಂದೇ ಮೊತ್ತ. ಬೆಂಬಲ ಪತ್ರವನ್ನು ದೊಡ್ಡವರ ಹತ್ತಿರ ಕೇಳಲಿಲ್ಲ, ಶಾಲೆಯ ನರ್ಸ್ ಹತ್ತಿರ ಬರೆಸಿದೆ. ಮೊದಲ ಪುಟದಲ್ಲಿ ಏನಿಟ್ಟೆ ಅಂತ ಮಾತ್ರ ಹೇಳಲ್ಲ. ಮುಂದಿನ ಸಲ ನಾವೂ ಅದೇ ಸಾಲಿನಲ್ಲಿ ನಿಲ್ಲುತ್ತೇವೆ.

ತನಗಾಗಲಿ ಮನೆಯವರಿಗಾಗಲಿ ಇದರಲ್ಲಿ ಹಣದ ಲಾಭ ಇಲ್ಲ ಅಂತ ಸೆನೆಟರ್ ಬರೆದುಕೊಟ್ಟು, ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಈ ನಿಯಮ ನನಗೆ ತುಂಬ ಇಷ್ಟ.

2023ರ ಅಕ್ಟೋಬರ್‌ಗೆ ಬರಬೇಕಿದ್ದ ಬಜೆಟ್‌ಗೆ ಸಹಿ ಬಿದ್ದದ್ದು 2024ರ ಮಾರ್ಚ್ 9ಕ್ಕೆ. ಪಟ್ಟಿಯಲ್ಲಿ ಹೆಸರು ಬಂತು ಅಂದರೆ ಚೆಕ್ ಬಂತು ಅಂತಲ್ಲ. ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ಬಿಲ್ ತೋರಿಸಿ ಪಡೆಯಬೇಕು. ಒಟ್ಟು ಹನ್ನೆರಡೂವರೆ ಲಕ್ಷದ ಕೆಲಸದಲ್ಲಿ 20% ಊರಿನ ಪಾಲು, ಅಂದರೆ ಎರಡೂವರೆ ಲಕ್ಷ. ಅದಕ್ಕೆ ಸಾಲ ಮಾಡಿದೆವು. ಉಕ್ಕು ಅಮೆರಿಕದ್ದೇ ಆಗಬೇಕು, ಕೂಲಿಯನ್ನು ಡೇವಿಸ್-ಬೇಕನ್ ದರದಲ್ಲೇ, ಅಂದರೆ ಆ ಹೆಸರಿನ ಕಾನೂನಿನಂತೆ ಸರ್ಕಾರ ಆ ಪ್ರದೇಶಕ್ಕೆ ಗೊತ್ತುಮಾಡಿದ ದರದಲ್ಲೇ, ಕೊಡಬೇಕು. ಮನೆಯೊಂದಕ್ಕೆ 9 ಸಾವಿರ ಅಂದುಕೊಂಡಿದ್ದು ಹೆಚ್ಚುಕಡಿಮೆ 12 ಆಯಿತು.

ನಡುವೆ ಪರಿಸರ ಪರಿಶೀಲನೆಯ ಕಡತ ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತಿತ್ತು. ನಾನು ಫೋನ್ ಮಾಡಿದರೆ ಉತ್ತರವಿಲ್ಲ. ಸೆನೆಟರ್‌ರ ರಾಜ್ಯದ ಕಚೇರಿ ಸಿಬ್ಬಂದಿ ಒಂದು ವಿಚಾರಣಾ ಪತ್ರ ಕಳಿಸಿದರು, ಕಡತ ಎದ್ದಿತು. ಬಜೆಟ್ ಕೇಳುವುದು ವಾಷಿಂಗ್ಟನ್ ಸಿಬ್ಬಂದಿ ಹತ್ತಿರ, ಗೋಳು ಹೇಳಿಕೊಳ್ಳುವುದು ರಾಜ್ಯದ ಕಚೇರಿಯಲ್ಲಿ. ಇಬ್ಬರ ಪರಿಚಯವೂ ಬೇಕು.

ಅದೇ ಧೈರ್ಯದಲ್ಲಿ ಹೆಂಡತಿಯ ಪಾಸ್‌ಪೋರ್ಟ್ ತಡವಾದಾಗಲೂ ಅಲ್ಲೇ ಕೇಳಿದೆ. ತನ್ನ ಕಡತದ ವಿವರವನ್ನು ಸೆನೆಟರ್ ಕಚೇರಿಗೆ ತಿಳಿಸಬಹುದು ಅಂತ ಅವಳೇ ಸಹಿ ಹಾಕಿದ ಪ್ರೈವಸಿ ರಿಲೀಸ್ ಫಾರ್ಮ್ ಕೊಟ್ಟ ಮೇಲೆ ಬೇಗ ಬಂತು. ನಮ್ಮ ಕನ್ನಡದವರು ಗ್ರೀನ್ ಕಾರ್ಡ್ ಸಾಲನ್ನೂ ಹೀಗೇ ಮುಂದೆ ತಳ್ಳಬಹುದಾ ಅಂತ ಕೇಳುತ್ತಿರುತ್ತಾರೆ. ಆಗಲ್ಲ. ಮಿತಿಯಿರುವ ಗ್ರೀನ್ ಕಾರ್ಡ್‌ಗಳಲ್ಲಿ ವರ್ಷಕ್ಕೆ ಒಂದು ದೇಶದವರಿಗೆ ಹೆಚ್ಚೆಂದರೆ 7% ಅನ್ನುವುದು ಕಾನೂನು. ಕಳೆದುಹೋದ ಕಡತವನ್ನು ಅವರು ಹುಡುಕಿಸಬಹುದು, ಕಾನೂನನ್ನು ಪತ್ರದಿಂದ ಬದಲಿಸಲಾಗದು.

ಪಕ್ಕದ ಊರಿನವರು ನಮ್ಮನ್ನು ನೋಡಿ ಮರುವರ್ಷ ಅರ್ಜಿ ಹಾಕಿದರು. 2025ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಇಡೀ ವರ್ಷಕ್ಕೆ ಹಳೆಯ ಬಜೆಟ್ಟನ್ನೇ ಮುಂದುವರಿಸಿತು. ಆ ವರ್ಷದ ಇಯರ್‌ಮಾರ್ಕ್‌ಗಳೆಲ್ಲ ಬಿದ್ದುಹೋದವು, ಅವರದ್ದೂ ಹೋಯಿತು. ಮತ್ತೆ ಹಾಕಿ ಅಂತ ಹೇಳಿ ನಮ್ಮ ನಕ್ಷೆ, ಲೆಕ್ಕಪತ್ರ ಎಲ್ಲ ಕೊಟ್ಟಿದ್ದೇನೆ. ಮೊದಲ ಪುಟ ಬಿಟ್ಟು.