ಎಡಗಡೆ ಚಕ್ರದ ಅಲ್ಲಾಟ

ಕೈಲ್‌ಪೋದ್, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ ಮುಂಚೆ ನಮ್ಮ ಮಿನಿ ಟ್ರ್ಯಾಕ್ಟರನ್ನು ನಾನೇ ತೊಳೆದಿದ್ದೆ. ನಾಟಿ ಮುಗಿದಿತ್ತು, ಮೈಯೆಲ್ಲ ಗದ್ದೆ ಕೆಸರು. ಪ್ರೆಷರ್ ಪಂಪ್ ಹಿಡಿದು ಮುಂದಿನ ಹಬ್‌ಗಳಿಗೆ (ಬೇರಿಂಗ್ ಇರುವ, ಚಕ್ರದ ನಡುಭಾಗ) ಒಂದಡಿ ದೂರದಿಂದ ನೀರು ಹೊಡೆದು ಫಳಫಳ ಮಾಡಿದೆ. ಒಂದು ತಿಂಗಳು ಕಳೆದ ಮೇಲೆ ಟಾರ್ ರಸ್ತೆಯಲ್ಲಿ ಸ್ಟೀರಿಂಗ್ ನಡುಗಲು ಶುರುವಾಯಿತು. ಎಡಗಡೆಯ ಮುಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಸದ್ದು.

ಮೊದಲು ಮಾಡಿದ್ದು ಸೋಮಾರಿ ಕೆಲಸ. ಹಬ್‌ನ ಕ್ಯಾಪ್ ತೆಗೆದು, ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಎಳೆದು, ಆ ಪಿನ್ ಕೂರಲು ಕಚ್ಚುಗಳಿರುವ ಕ್ಯಾಸಲ್ ನಟ್ಟನ್ನು ಒಂದು ಕಚ್ಚು ಮುಂದಕ್ಕೆ ಬಿಗಿ ಮಾಡಿದೆ. ಅಲ್ಲಾಟ ನಿಂತೇ ಹೋಯಿತು. ಖುಷಿಯಲ್ಲಿ ಗೊಬ್ಬರ ತರಲು ಗೋಣಿಕೊಪ್ಪಕ್ಕೆ ಹೊರಟೆ. ಅಲ್ಲಿ ಇಳಿದು ಹಬ್ ಮುಟ್ಟಿದರೆ ಕೈ ಇಡಲು ಆಗದಷ್ಟು ಬಿಸಿ! ಅಲ್ಲೇ ರಸ್ತೆ ಬದಿಯಲ್ಲಿ ನಟ್ಟನ್ನು ಮತ್ತೆ ಸಡಿಲಿಸಿ ನಿಧಾನಕ್ಕೆ ಮನೆಗೆ ಬಂದೆ.

ಮಾರನೇ ದಿನ ಸರಿಯಾಗಿ ಬಿಚ್ಚಲು ಕೂತೆ. ನಮ್ಮ ತೋಟದಲ್ಲಿ ಸಮತಟ್ಟು ಜಾಗ ಅಂದರೆ ಕಾಫಿ ಕಣ ಒಂದೇ. ಮಳೆಗೆ ಪಾಚಿ ಕಟ್ಟಿತ್ತು, ಅದನ್ನು ಕೆರೆದು ಗಾಡಿ ನಿಲ್ಲಿಸಿದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವಂಥದ್ದು, ಅಲ್ವಾ? ಹಾಗಾಗಿ ಆಕ್ಸಲ್‌ಗೂ ಮೇಲಿನ ಫ್ರೇಮ್‌ಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆದು, ಆಮೇಲೆ ಜಾಕಿ ಎತ್ತಿದೆ. ಕೆಳಗೆ ಸಿಲ್ವರ್ ಓಕ್ ದಿಮ್ಮಿ ಇಟ್ಟೆ. ಬರೀ ಜಾಕಿ ನಂಬಿ ಕೈ ಹಾಕುವ ಧೈರ್ಯ ನನಗಿಲ್ಲ.

ಚಕ್ರ ಅಲ್ಲಾಡಿದರೆ ಬೇರಿಂಗೇ ಹೋಗಿದೆ ಅಂತ ಹೇಳಲಾಗದು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು ಕಿಂಗ್ ಪಿನ್, ಅದರ ಬುಷ್ ಸವೆದಿದ್ದರೂ ಹಾಗೇ ಆಡುತ್ತದೆ. ನಮ್ಮ ಗಾಡಿಗೆ ಮುಂದೆ ಬ್ರೇಕ್ ಇಲ್ಲ, ಬ್ರೇಕ್ ಒತ್ತಿ ಹಬ್ ಹಿಡಿದಿಟ್ಟು ನೋಡುವ ಹಾಗಿಲ್ಲ. ಅದಕ್ಕೆ ನಾನು ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆ, ಮಗಳು ಟಾರ್ಚ್ ಹಾಕಿ ಹಿಂದಿನಿಂದ ನೋಡಿದಳು. "ಅಪ್ಪಾ, ಈ ಕಡೆ ಚಕ್ರ ಮಾತ್ರ ಆಡ್ತದೆ. ಆ ಕಡೆ ಕಬ್ಬಿಣವೂ ಸೇರಿ ಆಡ್ತದೆ" ಅಂದಳು. ಅಂದರೆ ಎಡಗಡೆ ಬೇರಿಂಗ್, ಬಲಗಡೆ ಕಿಂಗ್ ಪಿನ್ ಬುಷ್. ಬಲಗಡೆಯದನ್ನು ಅವತ್ತು ಮುಟ್ಟಲಿಲ್ಲ.

ಎಡಗಡೆ ಹಬ್ ಎಳೆದಾಗ ಗ್ರೀಸ್ ಬೂದು ಬಣ್ಣದ ಮಜ್ಜಿಗೆಯ ಹಾಗೆ ಸುರಿಯಿತು. ನೀರು ಸೇರಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು? ಹಿಂದಿನ ಆಯಿಲ್ ಸೀಲಿನ ತುಟಿ ಕೆಸರಿಗೆ ಸವೆದಿತ್ತು. ಉಳಿದದ್ದನ್ನು ನನ್ನ ಪಂಪ್ ಮುಗಿಸಿತ್ತು. ಒಳಗೆ ಎರಡು ಟೇಪರ್ ಬೇರಿಂಗ್. ಒಳಗಿನದು 30205, ಅಂದರೆ 25 ಮಿ.ಮೀ. ಒಳ ಅಳತೆ, 52 ಮಿ.ಮೀ. ಹೊರ ಅಳತೆ. ಅದರ ಕಪ್ (ಹೊರಬಳೆ) ಮೇಲೆ ರೋಲರ್‌ಗಳ ಅಂತರಕ್ಕೆ ಸರಿಯಾಗಿ ಗೆರೆ ಗೆರೆ ತುಕ್ಕು. ಉಗುರು ಎಳೆದರೆ ತಡೆಯುತ್ತಿತ್ತು. ಉಗುರಿಗೆ ತಡೆದರೆ ಆ ಕಪ್ ಇನ್ನು ಬೇಡ. ರೋಲರ್ ಇರುವ ಒಳಭಾಗ, ಅಂದರೆ ಕೋನ್ ಮಾತ್ರ ಬದಲಿಸಿದರೆ ದುಡ್ಡು ದಂಡ, ಎರಡೂ ಜೋಡಿಯಾಗಿಯೇ ಬರಬೇಕು. ಎರಡು ಬೇರಿಂಗ್, ಒಂದು ಸೀಲ್ ತಂದೆ.

ಹಳೇ ಕಪ್‌ಗಳನ್ನು ಹಿತ್ತಾಳೆ ಕಂಬಿಯಿಂದ ಒಂದು ಕಡೆ, ಎದುರು ಕಡೆ ಅಂತ ಬದಲಿಸುತ್ತಾ ಹೊಡೆದು ತೆಗೆದೆ. ಹೊಸ ಕಪ್ ಕೂರಿಸಲು ಹಳೇ ಕಪ್ಪೇ ಒಳ್ಳೆಯ ಅಚ್ಚು. ಗ್ರೈಂಡರಿನಲ್ಲಿ ಅದಕ್ಕೊಂದು ಸೀಳು ಹಾಕಿಕೊಂಡೆ, ಇಲ್ಲದಿದ್ದರೆ ಅದೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಕೂರುವ ತನಕ ಸುತ್ತಿಗೆ ಸದ್ದು ಟೊಳ್ಳು. ತಳ ಮುಟ್ಟಿದ ಕೂಡಲೇ ಸದ್ದು ಗಟ್ಟಿಯಾಗುತ್ತದೆ. ಕಿವಿ ಕೊಟ್ಟರೆ ಗೊತ್ತಾಗುತ್ತದೆ.

ಗ್ರೀಸನ್ನು ಬೆರಳಲ್ಲಿ ಸವರಿದರೆ ಸಾಲದು. ಅಂಗೈಯಲ್ಲಿ ಒಂದು ಮುದ್ದೆ ಇಟ್ಟು, ಬೇರಿಂಗಿನ ದಪ್ಪ ಬದಿಯನ್ನು ಅದಕ್ಕೆ ಒತ್ತಿ ಒತ್ತಿ, ಇನ್ನೊಂದು ಬದಿಯ ರೋಲರ್ ಸಂದಿಗಳಿಂದ ಎಳೆ ಎಳೆಯಾಗಿ ಹೊರಬರುವ ತನಕ ತುಂಬಿದೆ. ಹಬ್ ಒಳಗೆ ಮಾತ್ರ ಅರ್ಧಕ್ಕಿಂತ ಕಮ್ಮಿ. ತುರುಕಿದರೆ ಬಿಸಿಯಾಗಿ ಸೀಲನ್ನೇ ತಳ್ಳುತ್ತದೆ.

ಇನ್ನು ನಟ್ಟು. ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿ ಮಾಡಿದೆ, ತಿರುಗಿಸಲು ಕಷ್ಟವಾಗುವ ತನಕ. ಇದರಿಂದ ರೋಲರ್‌ಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಆಮೇಲೆ ಪೂರ್ತಿ ಸಡಿಲಿಸಿ, ಈ ಸಲ ಬರೀ ಬೆರಳಲ್ಲಿ ಮುಟ್ಟುವಷ್ಟು ತಿರುಗಿಸಿದೆ. ಇಂಥ ಚಕ್ರದ ಟೇಪರ್ ಬೇರಿಂಗಿಗೆ ಒಂಚೂರು ಪ್ಲೇ (ಸಡಿಲ) ಬೇಕೇ ಬೇಕು. ಬಿಸಿಯಾದಾಗ ಹಿಗ್ಗಲು ಅದಕ್ಕೆ ಜಾಗ ಬೇಡವೇ? ನಾನು ಇಟ್ಟುಕೊಂಡ ಗುರಿ 0.05ರಿಂದ 0.10 ಮಿ.ಮೀ.

ತೊಂದರೆ ಏನೆಂದರೆ, ನಟ್ಟಿನ ಥ್ರೆಡ್ ಪಿಚ್ (ಒಂದು ಸುತ್ತಿಗೆ ನಟ್ಟು ಸರಿಯುವ ದೂರ) 1.5 ಮಿ.ಮೀ., ಅದಕ್ಕೆ 6 ಕಚ್ಚು. ಒಂದು ಕಚ್ಚು ಸರಿದರೆ 0.25 ಮಿ.ಮೀ. ಹೆಚ್ಚುಕಮ್ಮಿ! ಸ್ಪ್ಲಿಟ್ ಪಿನ್ನಿಗೆ ಆಕ್ಸಲ್ ತುದಿಯಲ್ಲಿ ಅಡ್ಡಡ್ಡ ಎರಡು ತೂತಿದ್ದರೆ ಅದರ ಅರ್ಧಕ್ಕೆ ನಿಲ್ಲಿಸಬಹುದು. ನನ್ನದರಲ್ಲಿ ಒಂದೇ ತೂತು. ಪರಿಚಯದ ಮೆಕ್ಯಾನಿಕ್ಕಿಂದ ಸೂಕ್ಷ್ಮ ಅಲ್ಲಾಟ ಅಳೆಯುವ ಡಯಲ್ ಗೇಜ್ ತಂದಿದ್ದೆ. ಒಂದು ಕಚ್ಚಿನಲ್ಲಿ 0.22 ತೋರಿಸಿತು, ಮುಂದಿನದಕ್ಕೆ ಹೋದರೆ ಚಕ್ರ ಹಿಡಿಯಿತು. ಮೊದಲ ದಿನ ಹಬ್ ಸುಟ್ಟದ್ದು ಏಕೆಂದು ಆಗ ಅರ್ಥವಾಯಿತು.

ಉಪಾಯ ನಟ್ಟಿನ ಹಿಂದಿನ ವಾಷರಿನಲ್ಲಿತ್ತು. ಕಿಟಕಿ ಗಾಜಿನ ತುಂಡಿನ ಮೇಲೆ ಎಮರಿ ಪೇಪರ್ ಹಾಸಿ, ನೀರು ಹಾಕಿ, ವಾಷರನ್ನು ಎಂಟರ ಆಕಾರದಲ್ಲಿ ತಿಕ್ಕಿದೆ. ಅದು ತೆಳುವಾದಷ್ಟೂ ಬಿಗಿಯ ಕಚ್ಚಿನಲ್ಲಿ ಜಾಗ ಸಿಗುತ್ತದೆ. ತಿಕ್ಕುವುದು, ತೊಳೆಯುವುದು, ಹಾಕಿ ಅಳೆಯುವುದು. ನಾಲ್ಕು ಸಲ ಆಯಿತು. ಮನೆಯಾಕೆ ಎರಡು ಸಲ ಕಾಫಿ ತಂದಿಟ್ಟು ತಣ್ಣಗಾದ ಲೋಟ ವಾಪಸ್ ತೆಗೆದುಕೊಂಡು ಹೋದಳು. ಕೊನೆಗೆ ಗೇಜ್ 0.08ಕ್ಕೆ ನಿಂತಿತು. ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲು ಮಡಚಿದೆ. ಹಳೇ ಪಿನ್ನನ್ನು ಮತ್ತೆ ಹಾಕುವ ಜಿಪುಣತನ ಇಲ್ಲಿ ಬೇಡ.

ಗೋಣಿಕೊಪ್ಪಕ್ಕೆ ಹೋಗಿ ಬಂದು ಮುಟ್ಟಿ ನೋಡಿದೆ. ಸ್ವಲ್ಪ ಬೆಚ್ಚಗಿತ್ತು, ಅಷ್ಟೇ. ಹತ್ತು ದಿನ ಬಿಟ್ಟು ಅಳೆದಾಗ 0.10. ನಟ್ಟು ಮುಟ್ಟಲಿಲ್ಲ. ಸ್ಟೀರಿಂಗಿನ ನಡುಕ ಮುಕ್ಕಾಲು ಭಾಗ ಹೋಗಿದೆ. ಉಳಿದ ಕಾಲು ಬಲಗಡೆಯ ಕಿಂಗ್ ಪಿನ್ನಿನದು. ಕಾಫಿ ಕುಯ್ಲು ಶುರುವಾದರೆ ಕಣ ಸಿಗುವುದಿಲ್ಲ, ಅದಕ್ಕೆ ಮುಂಚೆ ಅದನ್ನೂ ಬಿಚ್ಚಬೇಕು.