ಚೀನೀಯರ ಮನೆಗೆ ಊಟಕ್ಕೆ ಹೋಗುವವರಿಗೆ

ದಕ್ಷಿಣ ಚೀನಾದ ಗುವಾಂಗ್‌ಝೌಗೆ ವ್ಯಾಪಾರಕ್ಕೋ ಓದಿಗೋ ಬರುವ ನಮ್ಮವರನ್ನು ಒಂದಲ್ಲ ಒಂದು ದಿನ ಇಲ್ಲಿಯ ಗೆಳೆಯರು ಮನೆಗೆ ಊಟಕ್ಕೆ ಕರೆಯುತ್ತಾರೆ. ಭಾಷೆ ಬಾರದೆಂದು ತಪ್ಪಿಸಿಕೊಳ್ಳಬೇಡಿ. ಬಟ್ಟೆ ವ್ಯಾಪಾರದಿಂದಾಗಿ ಈ ಊರಿನಲ್ಲಿ ನೆಲೆ ನಿಂತಿರುವ ನಾನು ಕಂಡಂತೆ, ಆ ಮನೆಗಳಲ್ಲಿ ನಿಮ್ಮ ಮಾತಿಗಿಂತ ಮೊದಲು ನಿಮ್ಮ ನಡವಳಿಕೆಯನ್ನು ಗಮನಿಸುತ್ತಾರೆ. ಹಿರಿಯರು ಎಲ್ಲಿ ಕೂರಬೇಕು, ಯಾರು ಮೊದಲು ಕೈ ಹಾಕಬೇಕು ಎಂಬ ಕ್ರಮಕ್ಕೆ ಚೀನಾದ ಪ್ರಾಚೀನ ಚಿಂತಕ ಕನ್ಫ್ಯೂಷಿಯಸ್ (ಕ್ರಿ.ಪೂ. 551–479) ಕೊಟ್ಟ ಮಹತ್ವ ಇಂದಿಗೂ ಊಟದ ಮೇಜಿನ ಮೇಲೆ ಉಳಿದಿದೆ.

ನೀವು ಸಸ್ಯಾಹಾರಿಯಾಗಿದ್ದರೆ ಕರೆ ಬಂದ ದಿನವೇ ಮೊಬೈಲಿನಲ್ಲಿ ಬರೆದು ತಿಳಿಸಿ. ಬಡಿಸಿದ ಮೇಲೆ ಹೇಳಿದರೆ ಮನೆಯವರಿಗೆ ಮುಖಭಂಗವಾಗುತ್ತದೆ. ಹಂದಿಯ ಕೊಬ್ಬು, ಸಿಂಪಿಯ (ಆಯ್ಸ್ಟರ್) ಸಾಸ್ ಕೂಡ ಬೇಡವೆಂದು ಬಿಡಿಸಿ ಹೇಳಿ. ಸೊಪ್ಪಿನ ಪಲ್ಯಕ್ಕೂ ಅವನ್ನು ಹಾಕುವುದುಂಟು. ಬೌದ್ಧರ ಸಸ್ಯಾಹಾರ ಎಂದರೆ ತಕ್ಷಣ ಅರ್ಥವಾಗುತ್ತದೆ, ಆದರೆ ಆಗ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟುಬಿಡುತ್ತಾರೆ.

ಹಣ್ಣನ್ನೋ ಚಹಾ ಎಲೆಯನ್ನೋ ಒಯ್ದು ಎರಡೂ ಕೈಗಳಿಂದ ಕೊಡಿ. ‘ಇದೆಲ್ಲ ಯಾಕೆ’ ಎಂದು ಬೇಡವೆನ್ನುತ್ತಾರೆ, ಇನ್ನೊಮ್ಮೆ ಒತ್ತಾಯಿಸಿ.

ಕಂಡ ಕುರ್ಚಿಯಲ್ಲಿ ಕೂರಬೇಡಿ. ಬಾಗಿಲಿಗೆ ಮುಖ ಮಾಡಿದ ಜಾಗ ಸಾಮಾನ್ಯವಾಗಿ ಮನೆಯ ಹಿರಿಯರದು ಅಥವಾ ಮುಖ್ಯ ಅತಿಥಿಯದು. ಮನೆಯವರು ತೋರಿಸುವ ತನಕ ನಿಂತಿರಿ. ಅದೇ ಜಾಗವನ್ನು ನಿಮಗೆ ಕೊಟ್ಟರೆ ಒಮ್ಮೆ ಹಿಂಜರಿದು ಆಮೇಲೆ ಕುಳಿತುಕೊಳ್ಳಿ. ಅಜ್ಜ ಚಾಪ್‌ಸ್ಟಿಕ್ ಎತ್ತಿದ ಮೇಲೆ ನೀವು ಎತ್ತಿ. ಅದನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಲೇಬಾರದು, ಸತ್ತವರ ಮುಂದೆ ಊದುಬತ್ತಿ ನಿಲ್ಲಿಸುವುದು ಹಾಗೆ. ಚಹಾ ಸುರಿಯುವಾಗ ಮೊದಲು ಹಿರಿಯರಿಗೆ, ಕೊನೆಗೆ ನಿಮಗೆ. ನಿಮ್ಮ ಬಟ್ಟಲಿಗೆ ಬೇರೆಯವರು ಸುರಿದರೆ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲಗೆ ತಟ್ಟಿ. ಈ ಊರಿರುವ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕೃತಜ್ಞತೆ ಹೇಳುವ ರೀತಿ ಇದು. ಮಾತು ನಿಲ್ಲಿಸಬೇಕಾದ ಅಗತ್ಯವೂ ಇಲ್ಲ.

ಈ ಭಾಗದಲ್ಲಿ ಮೊದಲು ಬರುವುದು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸಿದ ಸೂಪ್. ಯಾವುದು ಉಷ್ಣ, ಯಾವುದು ತಂಪು ಎಂಬ ಚರ್ಚೆ ಶುರುವಾಗುವುದೂ ಆಗಲೇ, ಮತ್ತು ಅಲ್ಲಿ ಕನ್ನಡಿಗರು ಸುಲಭವಾಗಿ ಸೇರಿಕೊಳ್ಳಬಹುದು. ಯಿನ್-ಯಾಂಗ್, ಅಂದರೆ ತಂಪು-ಉಷ್ಣದಂಥ ಎದುರು ಗುಣಗಳ ಸಮತೋಲನವೆಂಬ ಚಿಂತನೆ ಅವರ ಅಡುಗೆಮನೆಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ: ಹೆಸರುಕಾಳು ತಂಪು, ಲಿಚಿ ಉಷ್ಣ, ಏಡಿ ತಂಪಾದ್ದರಿಂದ ಜೊತೆಗೆ ಶುಂಠಿ. ನಿಮ್ಮ ಅಜ್ಜಿ ಬೇಸಿಗೆಯಲ್ಲಿ ಹೆಸರುಬೇಳೆ ಪಾಯಸವನ್ನೋ ಕೋಸಂಬರಿಯನ್ನೋ ಮಾಡುತ್ತಿದ್ದುದನ್ನು ಹೇಳಿ ನೋಡಿ, ಆ ಮನೆಯ ಅಜ್ಜಿ ನಿಮ್ಮನ್ನು ಬಿಡುವುದಿಲ್ಲ.

ನಡುವೆ ಇಟ್ಟ ಬಟ್ಟಲುಗಳು ಎಲ್ಲರಿಗೂ ಸೇರಿದ್ದು. ನಿಮ್ಮ ಕಡೆಯ ಅಂಚಿನಿಂದ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ, ಕೆದಕಬೇಡಿ. ತಿನ್ನಬಹುದಾದ ಪ್ರತಿಯೊಂದರ ರುಚಿಯನ್ನೂ ನೋಡಿ. ಇಷ್ಟವಾದ ಒಂದನ್ನೇ ಹಿಡಿದು ಕೂರುವುದು ಆ ಊಟಕ್ಕೆ ಒಪ್ಪುವುದಿಲ್ಲ. ಇದಕ್ಕೆ ಸಂಬಂಧಿಸಿದ ಹಳೆಯ ಪ್ರಸಂಗವೊಂದು ನನಗೆ ತುಂಬ ಪ್ರಿಯ. ಕ್ರಿ.ಪೂ. 522ರಲ್ಲಿ ಪ್ರಾಚೀನ ಚೀನಾದ ಚಿ ರಾಜ್ಯದ ದೊರೆ ತನ್ನ ಆಪ್ತನೊಬ್ಬನ ಕುರಿತು, ನನ್ನೊಡನೆ ಸಾಮರಸ್ಯವಿರುವುದು ಇವನೊಬ್ಬನಿಗೇ ಎಂದ. ಮಂತ್ರಿ ಯಾನ್ ಯಿಂಗ್ ಒಪ್ಪಲಿಲ್ಲ. ನೀವು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎನ್ನುವವನಲ್ಲಿ ಸಾಮರಸ್ಯ ಎಲ್ಲಿಂದ ಬರಬೇಕು? ಅದು ಸಾರು ಮಾಡಿದ ಹಾಗೆ, ನೀರು, ಬೆಂಕಿ, ಹುಳಿ, ಉಪ್ಪು ಬೇರೆ ಬೇರೆಯಾಗಿದ್ದು ಕೂಡಬೇಕು, ಕಡಿಮೆಯಾದದ್ದನ್ನು ತುಂಬಿ ಹೆಚ್ಚಾದದ್ದನ್ನು ಇಳಿಸಬೇಕು. ನೀರಿಗೆ ನೀರನ್ನೇ ಬೆರೆಸಿದರೆ ಯಾರು ಉಂಡಾರು ಎಂದ. ಒಂದು ಹುಳಿ, ಒಂದು ಖಾರ, ಒಂದು ಸಪ್ಪೆ ಎಂದು ಜೋಡಿಸಿದ ಮೇಜನ್ನು ನೋಡಿದಾಗಲೆಲ್ಲ ನನಗೆ ಆ ಮಂತ್ರಿಯ ನೆನಪಾಗುತ್ತದೆ.

ಮದ್ಯ ಬೇಡವೆಂದರೆ ಚಹಾದ ಬಟ್ಟಲನ್ನೇ ಎತ್ತಿ. ತಾಗಿಸುವಾಗ ನಿಮ್ಮ ಬಟ್ಟಲಿನ ಅಂಚು ಹಿರಿಯರದಕ್ಕಿಂತ ಕೆಳಗಿರಲಿ.

ಹೊರಡಲು ಆತುರಪಡಬೇಡಿ. ಊರವರ ಪಾನಕೂಟದಲ್ಲಿ ಊರುಗೋಲಿನ ಹಿರಿಯರು ಎದ್ದುಹೋದ ಮೇಲಷ್ಟೇ ಕನ್ಫ್ಯೂಷಿಯಸ್ ಹೊರಡುತ್ತಿದ್ದನೆಂದು ಅವನ ಶಿಷ್ಯಪರಂಪರೆ ದಾಖಲಿಸಿದೆ. ನೀವೂ ಅಜ್ಜ ಏಳುವ ತನಕ ಕುಳಿತಿರಿ. ಬಾಗಿಲ ಬಳಿ ನಿಂತು ‘ಇನ್ನು ಬರಬೇಡಿ’ ಎಂದು ಹೇಳಿ. ಆದರೂ ಅವರು ಲಿಫ್ಟಿನವರೆಗೆ ಬರುತ್ತಾರೆ, ಬರಲಿ. ಮನೆ ಮುಟ್ಟಿದ ಕೂಡಲೇ ಸುಖವಾಗಿ ತಲುಪಿದೆನೆಂದು ಇಲ್ಲಿಯವರು ಬಳಸುವ ಸಂದೇಶದ ಆ್ಯಪ್ ವೀಚಾಟ್‌ನಲ್ಲಿ ಒಂದು ಸಾಲು ಬರೆದು ಕಳುಹಿಸಿ. ಬರೆಯುವಾಗ ಅಜ್ಜ-ಅಜ್ಜಿಯ ಕ್ಷೇಮವನ್ನು ಮೊದಲು ಕೇಳಿ.