ಕಿತ್ತಷ್ಟೂ ವಾಪಸ್ ಬರ್ತಿದ್ದ ಎಕ್ಸ್‌ಟೆನ್ಷನ್: ಅಪ್ಪನ ಲ್ಯಾಪ್‌ಟಾಪಿಂದ ಆ್ಯಡ್‌ವೇರ್ ತೆಗೆದ ನನ್ನ ಅನುಭವ

ಹೋದ ಸಲ ತಿಪಟೂರಿಗೆ ಹೋದಾಗ ಬ್ಯಾಗ್ ಇಳಿಸೋಕೂ ಮೊದಲೇ ಅಪ್ಪ ಹೇಳಿದ್ದು, "ಮಗಾ, ಆ ಲ್ಯಾಪ್‌ಟಾಪ್ ಒಂಚೂರು ನೋಡು, ಕೊಬ್ಬರಿ ರೇಟು ಹುಡುಕಿದ್ರೆ ಸಾಲ ಕೊಡ್ತೀವಿ ಅನ್ನೋರೇ ಬರ್ತಾರೆ" ಅಂತ. ಪೇಟೆಯಲ್ಲಿ ಒಂದು ಅಂಗಡಿಗೆ ತೋರಿಸಿದ್ರಂತೆ, ಅವರು ನೋಡಿದ ತಕ್ಷಣ ಫಾರ್ಮ್ಯಾಟ್ ಮಾಡ್ಬೇಕು ಅಂದ್ರಂತೆ. ಅದರಲ್ಲಿ ಅಮ್ಮನ ಆಸ್ಪತ್ರೆ ರಿಪೋರ್ಟು, ಪಹಣಿ, ತಂಗಿ ಮದುವೆ ಫೋಟೋ ಎಲ್ಲಾ ಇದೆ, ಬೇರೆಲ್ಲೂ ಕಾಪಿ ಇಲ್ಲ, ಅದಕ್ಕೆ ಅಪ್ಪ ಹೆದರಿ ವಾಪಸ್ ತಂದಿದ್ರು. ತಂದಿದ್ದು ಒಳ್ಳೇದೇ ಆಯ್ತು. ನಾನು ಮೊದಲು ಮಾಡಿದ್ದೇ ಅಷ್ಟನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕ್ಕೊಂಡಿದ್ದು.

ಆನ್ ಮಾಡಿ ಕೂತೆ. ಎರಡು ತೊಂದರೆ ಕಾಣಿಸ್ತು. ಬಲಗಡೆ ಕೆಳಗಿನ ಮೂಲೆಯಲ್ಲಿ ಎರಡು ನಿಮಿಷಕ್ಕೊಂದು ಡಬ್ಬಿ ಬಂದು "ನಿಮ್ಮ ಕಂಪ್ಯೂಟರಲ್ಲಿ 5 ವೈರಸ್ ಇದೆ" ಅಂತ ಇಂಗ್ಲಿಷಲ್ಲಿ ಹೇಳ್ತಿತ್ತು. ಇನ್ನೊಂದು, ಕ್ರೋಮಲ್ಲಿ ಏನೇ ಹುಡುಕಿದ್ರೂ ಮೇಲೆ ಅಡ್ರೆಸ್ ಬಾರಲ್ಲಿ ಯಾವುದೋ ಹೆಸರು ಒಂದು ಕ್ಷಣ ಮಿಂಚಿ ಮಾಯ ಆಗಿ, ಗೂಗಲ್ ಬದಲು ಬೇರೆ ಯಾವುದೋ ಸರ್ಚ್ ಪೇಜ್ ತೆರೀತಿತ್ತು. ಇವೆರಡೂ ಒಂದೇ ಕಾಯಿಲೆ ಅಂದ್ಕೊಂಡು ಒಟ್ಟಿಗೆ ಹೊಡೆದಾಡೋಕೆ ಹೋದ್ರೆ ತಲೆ ಕೆಡುತ್ತೆ, ಬೇರೆಬೇರೆ ನೋಡ್ಬೇಕು.

ಡಬ್ಬಿದು ಸುಲಭ. ಅದು ವೈರಸ್ಸೇ ಅಲ್ಲ, ಅಪ್ಪ ಯಾವುದೋ ಸೈಟಲ್ಲಿ "ನೀವು ರೋಬೋಟ್ ಅಲ್ಲ ಅಂತ ತೋರಿಸೋಕೆ ಅಲೋ ಒತ್ತಿ" ಅಂದಿದ್ದನ್ನ ನಂಬಿ ಒತ್ತಿದ್ದಾರೆ, ಅಲ್ಲಿಗೆ ಆ ಸೈಟ್‌ಗೆ ನೋಟಿಫಿಕೇಷನ್ ಕಳಿಸೋ ಪರ್ಮಿಷನ್ ಸಿಕ್ಕಿಬಿಟ್ಟಿದೆ. ಕ್ರೋಮ್ ಸೆಟ್ಟಿಂಗ್ಸಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಅಲೋ ಅಂತಿರೋ ಪಟ್ಟಿಯಲ್ಲಿ 11 ಸೈಟ್ ಇತ್ತು, ಅಪ್ಪಂಗೆ ಗೊತ್ತಿರೋದು ಒಂದು ಪೇಪರಿನ ಸೈಟ್ ಮಾತ್ರ. ಉಳಿದ 10 ತೆಗೆದೆ, ಇನ್ಮುಂದೆ ಯಾವ ಸೈಟೂ ಕೇಳಲೇಬಾರದು ಅಂತಾನೂ ಸೆಟ್ ಮಾಡಿದೆ. ಡಬ್ಬಿ ನಿಂತೋಯ್ತು.

ಸರ್ಚ್ ತಿರುಗೋದು ಹಾಗಲ್ಲ. ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಏನನ್ನೂ ಡಿಲೀಟ್ ಮಾಡಬಾರದು. ಅದೇ ವೈಫೈಗೆ ಫೋನ್ ಹಾಕಿ ಹುಡುಕಿದೆ, ಸರಿಯಾಗಿತ್ತು, ಅಂದ್ರೆ ರೌಟರ್ ತೊಂದರೆ ಅಲ್ಲ. ಕ್ರೋಮಲ್ಲೇ ಗೆಸ್ಟ್ ವಿಂಡೋ (ಅಪ್ಪನ ಸೆಟ್ಟಿಂಗ್ಸ್ ಯಾವುದೂ ಇಲ್ಲದ ಖಾಲಿ ವಿಂಡೋ) ತೆಗೆದು ಹುಡುಕಿದೆ, ಅಲ್ಲೂ ಸರಿ. ಗೆಸ್ಟಲ್ಲಿ ಎಕ್ಸ್‌ಟೆನ್ಷನ್, ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಮ್, ಓಡಲ್ಲ, ಹಾಗಾಗಿ ಅನುಮಾನ ಎಕ್ಸ್‌ಟೆನ್ಷನ್ ಮೇಲೆ ಹೋಯ್ತು. ಹೋಗಿ ನೋಡಿದ್ರೆ ಪಿಡಿಎಫ್ ಸಹಾಯಕ ಅನ್ನೋ ಥರದ ಹೆಸರಲ್ಲಿ ಒಂದು ಕೂತಿತ್ತು, ಆದರೆ ಅದಕ್ಕೆ ರಿಮೂವ್ ಬಟನ್ನೇ ಇಲ್ಲ! ಕ್ರೋಮ್ ಮೆನು ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್" ಅಂತ ಬೇರೆ ಬರ್ತಿತ್ತು. ತೋಟದ ಮನೆ ಲ್ಯಾಪ್‌ಟಾಪ್‌ಗೆ ಯಾವ ಆರ್ಗನೈಸೇಷನ್?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ತುಂಬಾ ಜನ ಸೋತು ಫಾರ್ಮ್ಯಾಟ್‌ಗೆ ಹೋಗೋದು. ಕಂಪನಿಗಳಲ್ಲಿ ಎಲ್ಲಾ ಕಂಪ್ಯೂಟರ್‌ಗೂ ಒಂದು ಎಕ್ಸ್‌ಟೆನ್ಷನ್ ಇರಲೇಬೇಕು, ಕೆಲಸದವರು ತೆಗೀಬಾರದು ಅಂತ ಮಾಡೋಕೆ ಪಾಲಿಸಿ ಅನ್ನೋ ವ್ಯವಸ್ಥೆ ಇದೆ, ವಿಂಡೋಸಲ್ಲಿ ಅದು ರಿಜಿಸ್ಟ್ರಿಯಲ್ಲಿ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಕೊಳ್ಳೋ ಜಾಗದಲ್ಲಿ, ಬರೆದಿರುತ್ತೆ. ಆ್ಯಡ್‌ವೇರ್‌ನವರು (ಜಾಹೀರಾತು ತೋರಿಸೋಕೆ ನಮಗೆ ಗೊತ್ತಿಲ್ಲದೆ ಒಳಗೆ ಸೇರೋ ಸಾಫ್ಟ್‌ವೇರ್ ಮಾಡೋರು) ಅದೇ ಜಾಗದಲ್ಲಿ ತಮ್ಮ ಎಕ್ಸ್‌ಟೆನ್ಷನ್ ಹೆಸರು ಬರೆದುಬಿಡ್ತಾರೆ, ಕ್ರೋಮ್ ಪಾಪ ಅದನ್ನ ಯಜಮಾನರ ಆರ್ಡರ್ ಅಂತ ತಿಳ್ಕೊಂಡು ಪಾಲಿಸುತ್ತೆ. ಅಡ್ರೆಸ್ ಬಾರಲ್ಲಿ ಕ್ರೋಮ್ ಅಂತ ಹೊಡೆದು, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಅಂತ ಹಾಕಿದ್ರೆ ಈ ಆರ್ಡರ್‌ಗಳೆಲ್ಲಾ ಕಾಣುತ್ತೆ. ಅಲ್ಲಿ "ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" ಅಂತ ಒಂದು ಸಾಲು, ಅದರ ಮುಂದೆ ಉದ್ದಕ್ಕೆ ಅರ್ಥ ಇಲ್ಲದ 32 ಇಂಗ್ಲಿಷ್ ಅಕ್ಷರ. ಕ್ರೋಮ್ ಎಕ್ಸ್‌ಟೆನ್ಷನ್ ಐಡಿ ಯಾವಾಗಲೂ 32 ಅಕ್ಷರಾನೇ, ಅದೂ ಎ ಇಂದ ಪಿ ಒಳಗಿನವು ಮಾತ್ರ. ಪೇಪರ್ ಮೇಲೆ ಬರ್ಕೊಂಡು ಎಕ್ಸ್‌ಟೆನ್ಷನ್ ಪೇಜಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ತಾಳೆ ನೋಡಿದೆ, ಅದೇ ಇದು.

ರಿಜಿಸ್ಟ್ರಿ ಎಡಿಟರ್ ತೆಗೆದು ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅಂತ ಒಳಗೆ ಹೋದೆ. ಮುಟ್ಟೋ ಮೊದಲು ಆ ಫೋಲ್ಡರನ್ನ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ, ರಿಜಿಸ್ಟ್ರಿಯಲ್ಲಿ ಅಂಡೂ ಇಲ್ಲ. ಆಫೀಸು ಕೊಟ್ಟಿರೋ ಲ್ಯಾಪ್‌ಟಾಪ್ ಆಗಿದ್ರೆ ಇದನ್ನ ಮುಟ್ಟಲೇಬೇಡಿ, ಅಲ್ಲಿ ಪಾಲಿಸಿ ಇರೋದು ಸರಿಯಾಗೇ ಇರುತ್ತೆ. ಫೋರ್ಸ್‌ಲಿಸ್ಟ್ ಡಿಲೀಟ್ ಮಾಡಿದೆ, ಕ್ರೋಮ್ ಮುಚ್ಚಿ ತೆಗೆದೆ, ಎಕ್ಸ್‌ಟೆನ್ಷನ್ ಹೋಯ್ತು. ಅಪ್ಪ ಖುಷಿಯಾಗಿ ಕಾಫಿ ತರಿಸಿದ್ರು.

ರಾತ್ರಿ ಊಟ ಆದ್ಮೇಲೆ ಸಿಸ್ಟಮ್ ಆನ್ ಮಾಡಿದ್ರೆ ಎಕ್ಸ್‌ಟೆನ್ಷನ್ ಮತ್ತೆ ಅಲ್ಲೇ ಇದೆ. ಅಪ್ಪ ನೋಡಿ "ಜೇಕು ಕಳೆ ಕಿತ್ತ ಹಾಗೆ ಆಯ್ತಲ್ಲೋ, ಗೆಡ್ಡೆ ಒಳಗೇ ಇದೆ" ಅಂದ್ರು. ನಿಜ, ಯಾರೋ ಆ ಸಾಲನ್ನ ಮತ್ತೆ ಬರೀತಿದ್ದಾರೆ, ಅವರನ್ನ ಹುಡುಕಬೇಕು.

"ಅಪ್ಪ, ಇದು ಶುರುವಾಗೋ ಮುಂಚೆ ಹೊಸದಾಗಿ ಏನಾದ್ರೂ ಹಾಕಿದ್ರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಪಹಣಿ ಪ್ರಿಂಟ್ ತೆಗೆಯೋಕೆ ಪ್ರಿಂಟರ್ ಬರ್ತಿರಲಿಲ್ಲ, ಡ್ರೈವರ್ (ಪ್ರಿಂಟರ್ ಓಡೋಕೆ ಬೇಕಾದ ಸಾಫ್ಟ್‌ವೇರ್) ಅಂತ ಹುಡುಕಿ ಮೊದಲು ಬಂದಿದ್ದನ್ನ ಹಾಕಿದೆ ಅಂದ್ರು. ಮೊದಲು ಬಂದಿದ್ದು ಜಾಹೀರಾತು, ಪ್ರಿಂಟರ್ ಕಂಪನಿ ಸೈಟ್ ಅಲ್ವೇ ಅಲ್ಲ. ಕಂಟ್ರೋಲ್ ಪ್ಯಾನಲಲ್ಲಿ ಪ್ರೋಗ್ರಾಮ್ ಪಟ್ಟಿಯನ್ನ ಇನ್‌ಸ್ಟಾಲ್ ಆದ ತಾರೀಕಿನ ಪ್ರಕಾರ ಜೋಡಿಸಿದೆ, ಒಂದೇ ದಿನ ಮೂರು ಬಂದು ಕೂತಿದ್ವು. ಮೂರನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ, ಒಂದರಲ್ಲಿ ಹಸಿರು ಬಣ್ಣದ ದೊಡ್ಡ ಬಟನ್ ಒತ್ತಿದ್ರೆ ಪ್ರೋಗ್ರಾಮ್ ಉಳ್ಕೊಳ್ಳುತ್ತೆ, ಬೂದು ಬಣ್ಣದ ಸಣ್ಣ ಅಕ್ಷರ ಒತ್ತಿದ್ರೆ ಹೋಗುತ್ತೆ, ನಿಧಾನಕ್ಕೆ ಓದಿ ಒತ್ತಬೇಕು.

ಆಮೇಲೆ ಟಾಸ್ಕ್ ಶೆಡ್ಯೂಲರ್ ತೆಗೆದೆ, ಯಾವ ಕೆಲಸ ಯಾವಾಗ ತಾನಾಗೇ ಓಡಬೇಕು ಅಂತ ವಿಂಡೋಸ್ ಬರೆದಿಟ್ಕೊಳ್ಳೋ ಜಾಗ ಅದು. ಅಲ್ಲಿ ಸಿಕ್ತು ಗೆಡ್ಡೆ. ಪ್ರಿಂಟರ್ ಅಪ್‌ಡೇಟ್ ಅನ್ನೋ ಅರ್ಥದ ಹೆಸರು, ಲಾಗಿನ್ ಆದಾಗೊಮ್ಮೆ ಆಮೇಲೆ 4 ಗಂಟೆಗೊಮ್ಮೆ ಓಡು ಅಂತ ಬರೆದಿದೆ, ಆ್ಯಕ್ಷನ್ಸ್ ಟ್ಯಾಬಲ್ಲಿ ನೋಡಿದ್ರೆ ಪವರ್‌ಶೆಲ್ (ವಿಂಡೋಸಲ್ಲಿ ಕಮ್ಯಾಂಡ್ ಓಡಿಸೋ ಪ್ರೋಗ್ರಾಮ್), ಪರದೆ ಮೇಲೆ ಕಾಣದ ಹಾಗೆ ವಿಂಡೋ ಹಿಡನ್, ಪ್ರೋಗ್ರಾಮ್ ಡೇಟಾ ಫೋಲ್ಡರಿನ ಒಂದು ಸ್ಕ್ರಿಪ್ಟ್ ಫೈಲ್. ಪ್ರೋಗ್ರಾಮ್ ಅನ್‌ಇನ್‌ಸ್ಟಾಲ್ ಆದ್ರೂ ಇದು ಮಾತ್ರ ಉಳ್ಕೊಂಡಿತ್ತು. ಇದು ಅಪ್ಪ ಒಬ್ಬರ ಕಥೆ ಏನಲ್ಲ, 2024ರ ಆಗಸ್ಟಲ್ಲಿ ರೀಸನ್‌ಲ್ಯಾಬ್ಸ್ ಅನ್ನೋ ಸೆಕ್ಯುರಿಟಿ ಕಂಪನಿಯವರು ಇದೇ ಥರ ನಕಲಿ ಇನ್‌ಸ್ಟಾಲರ್, ಪವರ್‌ಶೆಲ್ ಟಾಸ್ಕ್, ರಿಜಿಸ್ಟ್ರಿ, ಬಲವಂತದ ಎಕ್ಸ್‌ಟೆನ್ಷನ್ ಅನ್ನೋ ಸರಪಳಿ ಕನಿಷ್ಠ 3 ಲಕ್ಷ ಕ್ರೋಮ್, ಎಡ್ಜ್ ಬಳಕೆದಾರರಿಗೆ ತಗುಲಿದೆ ಅಂತ ಬರೆದಿದ್ರು.

ಈ ಸಲ ಬುಡದಿಂದ ಬಂದೆ: ಮೊದಲು ಟಾಸ್ಕ್, ಆಮೇಲೆ ಸ್ಕ್ರಿಪ್ಟ್ ಫೈಲ್, ಆಮೇಲೆ ರಿಜಿಸ್ಟ್ರಿ, ಕೊನೆಗೆ ಎಕ್ಸ್‌ಟೆನ್ಷನ್. ಎಡ್ಜ್‌ಗೂ ಪಾಲಿಸೀಸ್ ಒಳಗೆ ಮೈಕ್ರೋಸಾಫ್ಟ್ ಕೆಳಗೆ ಬೇರೆ ಫೋಲ್ಡರ್ ಇರುತ್ತೆ, ಅಲ್ಲೂ ಇತ್ತು, ತೆಗೆದೆ. ಡೆಸ್ಕ್‌ಟಾಪಿನ ಕ್ರೋಮ್ ಶಾರ್ಟ್‌ಕಟ್ ಪ್ರಾಪರ್ಟೀಸಲ್ಲಿ ಟಾರ್ಗೆಟ್ ಸಾಲಿನ ಕೊನೆಗೆ ಏನಾದ್ರೂ ಅಂಟಿಸಿದ್ದಾರಾ ಅಂತಾನೂ ನೋಡಿ, ಇಲ್ಲಿ ಇರಲಿಲ್ಲ. ಕೊನೆಗೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರ್ ಅನ್ನೋ ಆ್ಯಡ್‌ವೇರ್ ತೆಗೆಯೋ ಟೂಲ್ ಓಡಿಸಿದೆ, ಫ್ರೀ, ಇನ್‌ಸ್ಟಾಲೂ ಬೇಡ, ನನ್ನ ಕಣ್ಣಿಗೆ ಬೀಳದ ಎರಡು ಫೋಲ್ಡರ್ ಹಿಡಿದುಕೊಡ್ತು. ಟೂಲ್ ಮೊದಲೇ ಓಡಿಸಬಹುದಿತ್ತಲ್ಲ ಅಂತ ಕೇಳ್ತೀರ, ಓಡಿಸಬಹುದು, ಆದರೆ ಹೇಗೆ ಬಂತು ಅನ್ನೋದು ಗೊತ್ತಾಗದಿದ್ರೆ ಮುಂದಿನ ತಿಂಗಳು ಮತ್ತೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಬಾಗಿಲು ಸಿಂಕ್. ಎಕ್ಸ್‌ಟೆನ್ಷನ್ನು, ಸರ್ಚ್ ಎಂಜಿನ್ ಸೆಟ್ಟಿಂಗು ಗೂಗಲ್ ಅಕೌಂಟ್ ಮೂಲಕ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಹೋಗುತ್ತೆ, ಹಾಗಾಗಿ ಫಾರ್ಮ್ಯಾಟ್ ಮಾಡಿ ಅದೇ ಅಕೌಂಟ್ ಹಾಕಿದ್ರೂ ಕೆಲವು ವಾಪಸ್ ಬರಬಹುದು. ನಾನು ಸಿಂಕ್ ಆಫ್ ಮಾಡಿ, ಕ್ರೋಮ್ ರೀಸೆಟ್ ಮಾಡಿ (ಬುಕ್‌ಮಾರ್ಕು, ಪಾಸ್‌ವರ್ಡು ಹೋಗಲ್ಲ, ಹೆದರಬೇಡಿ), ಎಲ್ಲಾ ಕ್ಲೀನ್ ಅಂತ ಖಾತ್ರಿ ಆದ್ಮೇಲೆ ಆನ್ ಮಾಡಿದೆ.

ನನಗೆ ನಿಜವಾಗ್ಲೂ ಹೊಟ್ಟೆ ಉರಿದಿದ್ದು ಆ ಎಕ್ಸ್‌ಟೆನ್ಷನ್ನಿನ ಪರ್ಮಿಷನ್ ಓದಿದಾಗ. ಎಲ್ಲಾ ವೆಬ್‌ಸೈಟಲ್ಲೂ ನಿಮ್ಮ ಮಾಹಿತಿ ಓದಬಹುದು, ಬದಲಾಯಿಸಬಹುದು ಅಂತ ಇತ್ತು. ಅಪ್ಪ ಇದೇ ಕ್ರೋಮಲ್ಲಿ ಬ್ಯಾಂಕ್ ಅಕೌಂಟ್ ನೋಡ್ತಿದ್ರು. ಅದಕ್ಕೆ ಅವತ್ತೇ ನನ್ನ ಫೋನಿಂದ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡು, ಜಿಮೇಲ್ ಪಾಸ್‌ವರ್ಡು ಎರಡೂ ಬದಲಾಯಿಸಿ, ಎಲ್ಲಾ ಕಡೆ ಸೈನ್ ಔಟ್ ಮಾಡಿ, ಮೂರು ತಿಂಗಳ ಸ್ಟೇಟ್‌ಮೆಂಟ್ ಸಾಲುಸಾಲಾಗಿ ಓದಿದ್ವಿ. ದೇವರ ದಯೆ, ದುಡ್ಡೇನೂ ಹೋಗಿರಲಿಲ್ಲ. ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು ಅಂತ ಅಪ್ಪನ ಡೈರಿಯಲ್ಲಿ ಬರೆದಿಟ್ಟೆ. ಪರದೆ ಮೇಲೆ ಫೋನ್ ನಂಬರ್ ಇರೋ ವೈರಸ್ ಎಚ್ಚರಿಕೆ ಬಂದ್ರೆ ಆ ನಂಬರ್‌ಗೆ ಮಾಡಬಾರದು ಅಂತಾನೂ ಬರೆದೆ, ಮೈಕ್ರೋಸಾಫ್ಟ್ ತನ್ನ ಎರರ್ ಮೆಸೇಜಲ್ಲಿ ಫೋನ್ ನಂಬರ್ ಹಾಕಲ್ಲ.

ಹೊರಡೋ ಮುಂಚೆ ಅಪ್ಪಂಗೆ ಸ್ಟ್ಯಾಂಡರ್ಡ್ ಯೂಸರ್ ಅಕೌಂಟ್ ಮಾಡಿಕೊಟ್ಟೆ, ಆ ಲೋಕಲ್ ಮಷೀನ್ ಜಾಗದಲ್ಲಿ ಬರೆಯೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಈಗ ನನ್ನ ಹತ್ರ ಇದೆ. ಡ್ರೈವರನ್ನ ಪ್ರಿಂಟರ್ ಕಂಪನಿ ಸೈಟಿಂದಲೇ ಹಾಕಿ ಪಹಣಿ ಪ್ರಿಂಟ್ ತೆಗೆದುಕೊಟ್ಟೆ. ಈಗ ಭಾನುವಾರ ಫೋನ್ ಮಾಡಿದಾಗೆಲ್ಲ ಅಪ್ಪ ಪಾಲಿಸಿ ಪೇಜ್ ತೆಗೆದು "ನೋ ಪಾಲಿಸೀಸ್ ಸೆಟ್" ಅಂತ ಅಕ್ಷರ ಕೂಡಿಸಿ ಓದಿ ಹೇಳ್ತಾರೆ, ಆಮೇಲೆ ಕೊಬ್ಬರಿ ರೇಟು.